ಸೂಪರ್‌ವೈಸರ್ ತಿನ್ನದ ನಿಂಬೆ ಪೈ

ಆ ಲಾಂಡ್ರಿಯಲ್ಲಿ ಅವಳು ಎಲ್ಲರಿಗೂ ದೊಡ್ಡಕ್ಕ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯರಾದವರೂ ಹಾಗೇ ಕರೆಯುತ್ತಿದ್ದರು. ಊರಿನ ಹೋಟೆಲುಗಳ ಚಾದರ, ಟವೆಲು, ಮೇಜಿನ ಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಒಗೆದ ಚಾದರ ಬಿಸಿ ರೋಲರಿನ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆ ಕಾಗದದ ಹಾಗೆ ಸಪಾಟಾಗಿ ಬರಬೇಕು. ಈಚೆ ನಿಂತು ಒಳಗೆ ಬಿಡುವವಳು ಗುಬ್ಬಿ, ಆಚೆ ಹಿಡಿದು ಮಡಿಸುವವಳು ದೊಡ್ಡಕ್ಕ. ಗುಬ್ಬಿ ಅಂದರೆ ಹಿಡಿಯಷ್ಟು ಮೈ, ಊರಷ್ಟು ಮಾತು. ರೋಲರಿನ ಸದ್ದಿನಲ್ಲಿ ಅವಳ ಅರ್ಧ ಮಾತು ಈಕೆಗೆ ಕೇಳಿಸುತ್ತಲೇ ಇರಲಿಲ್ಲ. ಆದರೂ ಹೂಂಗುಟ್ಟುತ್ತಿದ್ದಳು. ಹಾಗೆ ಹೂಂಗುಟ್ಟುತ್ತಲೇ ಇಬ್ಬರ ತಲೆಗೂದಲು ನರೆಯುತ್ತ ಬಂದಿತ್ತು.

ದೊಡ್ಡಕ್ಕನದು ಕೂಗಾಡುವ ಸಿಟ್ಟಲ್ಲ. ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು. ಮಡಿಸಿದ ಚಾದರದ ಅಂಚು ಚಾಕುವಿನ ಬಾಯಿಯಂತಾಗುತ್ತಿತ್ತು. ಅದನ್ನು ನೋಡಿಯೇ ಜೊತೆಯವರು ದೂರ ಸರಿಯುತ್ತಿದ್ದರು.

ರೋಲರಿನ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಕೈ ಹತ್ತಿರ ಹೋಗಿ ಅದಕ್ಕೆ ತಾಗಿದರೆ ಯಂತ್ರ ತಾನಾಗಿಯೇ ನಿಲ್ಲಬೇಕು. ಆ ಪಟ್ಟಿಯ ಬೋಲ್ಟು ಮುರಿದು ಅದು ಒಂದು ಕಡೆ ಜೋತುಬಿದ್ದಿತ್ತು. ಗುಬ್ಬಿ ಸೂಪರ್‌ವೈಸರ್ ಹತ್ತಿರ ಹೋಗಿ ಹೇಳಿದ್ದಳು, ದೊಡ್ಡಕ್ಕನೂ ಜೊತೆಗಿದ್ದಳು. ಆತ ಫೋನಿನಿಂದ ತಲೆ ಎತ್ತದೆ, ನೋಡೋಣ ಅಂದ. ಆಮೇಲೆ ದೊಡ್ಡಕ್ಕನ ಗಂಡನಿಗೆ ಕರುಳಿನ ಆಪರೇಷನ್ ಆಗಿ ಅವಳು ರಜೆ ಹಾಕಿದಳು. ತಿರುಗಿ ಬಂದಾಗ ಗುಬ್ಬಿಯ ಜಾಗದಲ್ಲಿ ಬೇರೆ ಹೆಂಗಸು ನಿಂತಿದ್ದಳು. ಗುಬ್ಬಿಯ ಬಲಗೈ ಬೆರಳುಗಳು ರೋಲರಿಗೆ ಸಿಕ್ಕಿಕೊಂಡಿದ್ದವು. ಅಜಾಗರೂಕತೆ ಅಂತ ಷರಾ ಬರೆದು ಸೂಪರ್‌ವೈಸರ್ ಅವಳನ್ನು ಮನೆಗೆ ಕಳಿಸಿದ್ದ. ಪಟ್ಟಿ ಮಾತ್ರ ಇನ್ನೂ ಜೋತಾಡುತ್ತಿತ್ತು.

ದೊಡ್ಡಕ್ಕ ಗುಬ್ಬಿಗೆ ಎಷ್ಟೋ ಸಲ ಫೋನ್ ಮಾಡಿದಳು. ಗುಬ್ಬಿ ಎತ್ತಲಿಲ್ಲ.

ಇಂಥ ಸಮಯದಲ್ಲಿ ಸೂಪರ್‌ವೈಸರ್‌ಗೆ ಬಡ್ತಿ ಬಂತು. ದೊಡ್ಡ ಕಚೇರಿಗೆ ಹೋಗುತ್ತಾನಂತೆ, ಸೋಮವಾರ ಬೀಳ್ಕೊಡುಗೆಯಂತೆ, ಒಬ್ಬೊಬ್ಬರೂ ಏನಾದರೂ ತಿಂಡಿ ಮಾಡಿ ತರಬೇಕಂತೆ. ಕಚೇರಿಯ ಗುಮಾಸ್ತ ದೊಡ್ಡಕ್ಕನ ಹತ್ತಿರ ಬಂದು ಹಲ್ಲು ಕಿರಿದ.

"ನಿಮ್ಮ ನಿಂಬೆ ಪೈ ಆಗ್ಲೇಬೇಕಂತೆ. ಸಾರ್ ಬಾಯಿಬಿಟ್ಟು ಕೇಳಿದಾರೆ."

ದೊಡ್ಡಕ್ಕ ಚಾದರದ ಅಂಚನ್ನು ಉಗುರಿನಿಂದ ತೀಡಿದಳು.

ಗರಿಗರಿ ಹಿಟ್ಟಿನ ತಳದಲ್ಲಿ ನಿಂಬೆಯ ಕೆನೆ ತುಂಬಿ ಬೇಯಿಸುವ ಆ ಪೈ ಅವಳಿಗೆ ಸೋದರತ್ತೆಯಿಂದ ಬಂದ ವಿದ್ಯೆ. ಸೋದರತ್ತೆ ಒಂದು ಪುಟ್ಟ ಬೇಕರಿ ನಡೆಸುತ್ತಿದ್ದಳು. ಬೈಯುತ್ತಲೇ ಕಲಿಸಿದಳು, ತಪ್ಪಿದರೆ ಮೊಣಕೈಗೆ ಸೌಟಿನಿಂದ ಒಂದು ಬಿಡುತ್ತಿದ್ದಳು. ಹೀಗೆ ಏಟು ತಿಂದು ಕಲಿತದ್ದನ್ನು ದೊಡ್ಡಕ್ಕ ತನ್ನವರಿಗೆ ಅಂತ ಮಾತ್ರ ಮಾಡುತ್ತಿದ್ದಳು. ಒಮ್ಮೆ ಗುಬ್ಬಿಗೆಂದು ಡಬ್ಬಿಯಲ್ಲಿ ತಂದಿದ್ದಾಗ ಆ ಕಡೆ ಬಂದ ಸೂಪರ್‌ವೈಸರ್ ಕೇಳದೆಯೇ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡಿದ್ದ. ಅವನಿಗೆ ರುಚಿ ಹತ್ತಿದ್ದು ಹಾಗೆ.

ಭಾನುವಾರ ಬೆಳಿಗ್ಗೆ ಮೈದಾ ಅಳೆದು ಬಟ್ಟಲಿಗೆ ಸುರಿದಳು. ತಣ್ಣಗಿನ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಗುರವಾಗಿ ಉಜ್ಜಬೇಕು, ರವೆಯ ಹಾಗಾಗಬೇಕು, ಆಮೇಲೆ ತಣ್ಣೀರು ಚಿಮುಕಿಸಿ ಬರೀ ಒಗ್ಗೂಡಿಸಿದರೆ ಸಾಕು. ಅವತ್ತು ಅವಳ ಕೈ ಮಾತು ಕೇಳಲಿಲ್ಲ. ಅಂಗೈ ಊರಿ ನಾದಿದಳು, ಮಗುಚಿ ಗುದ್ದಿದಳು, ಮತ್ತೆ ನಾದಿದಳು. ಹಾಸಿಗೆಯಲ್ಲಿ ಒರಗಿದ್ದ ಗಂಡ ಸದ್ದು ಕೇಳಿ ಮೆಲ್ಲಗೆ ಎದ್ದು ಬಂದು ಬಾಗಿಲ ಹತ್ತಿರ ನಿಂತ. ಗಡಿಯಾರ ರಿಪೇರಿಯವನು. ಅವನ ಕೈಯೂ ಮೆದು, ಮಾತೂ ಮೆದು.

"ಯಾರನ್ನ ಹೊಡೀತಾ ಇದೀಯಾ?" ಅಂದ.

ಅವಳು ನಿಲ್ಲಿಸಿದಳು. ಹಿಟ್ಟು ರಬ್ಬರಿನಂತಾಗಿತ್ತು. ಎತ್ತಿ ಕಸದ ಬುಟ್ಟಿಗೆ ಹಾಕಿ ಕೈ ತೊಳೆದು ಇನ್ನೊಮ್ಮೆ ಮೈದಾ ಅಳೆದಳು. ಮಾಡಲೇಬೇಡ, ಹುಷಾರಿಲ್ಲ ಅಂತ ಹೇಳಿ ಕಳಿಸಿದರಾಯಿತು ಅಂದ ಗಂಡ. ಅದಕ್ಕೆ ಅವಳಿಗೆ ಇನ್ನಷ್ಟು ರೇಗಿತು. ತಾನು ಯಾಕೆ ಸುಳ್ಳು ಹೇಳಬೇಕು, ಹುಷಾರಿಲ್ಲದೆ ಇರುವವಳು ಗುಬ್ಬಿ ಅಂದಳು. ಅವನು ಕುರ್ಚಿ ಎಳೆದುಕೊಂಡು ಕೂತು, ನಿಂಬೆಹಣ್ಣು ಕೊಡು ನಾನು ತುರಿಯುತ್ತೇನೆ ಅಂದ. ಹಳದಿ ಮಾತ್ರ ತುರಿಯಿರಿ, ಕೆಳಗಿನ ಬಿಳಿ ಬಂದರೆ ಕಹಿ ಅಂತ ಎಚ್ಚರಿಸಿದಳು. ಗಡಿಯಾರದವನಿಗೆ ಅದೇನೂ ಕಷ್ಟವಾಗಲಿಲ್ಲ.

ಲಟ್ಟಿಸಿದ ಹಿಟ್ಟನ್ನು ತಟ್ಟೆಗೆ ಹಾಸಿ, ಫೋರ್ಕಿನಿಂದ ಚುಚ್ಚಿ, ಉಬ್ಬದಂತೆ ಮೇಲೆ ಕಾಗದ ಇಟ್ಟು ಒಣಕಾಳು ತುಂಬಿ ಮೊದಲು ಬರೀ ಹಿಟ್ಟನ್ನೇ ಬೇಯಿಸಿದಳು. ಅಷ್ಟರಲ್ಲಿ ಮೊಟ್ಟೆ, ಸಕ್ಕರೆ, ಕೆನೆಹಾಲು, ನಿಂಬೆರಸ, ತುರಿದ ಸಿಪ್ಪೆ ಎಲ್ಲ ಸೇರಿಸಿ ಕಲಕಿ ಜಾಲರಿಯಲ್ಲಿ ಸೋಸಿದಳು. ಉಪ್ಪಿನ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಒಂದು ಮುಷ್ಟಿ ಸುರಿದರೆ ಎಲ್ಲರೆದುರು ಅವನ ಮುಖ ಹೇಗಾಗುತ್ತದೆ ಅಂತ ಒಂದು ಗಳಿಗೆ ಕಣ್ಣಿಗೆ ಕಟ್ಟಿತು. ಡಬ್ಬಿ ಎತ್ತಿಕೊಂಡೂ ಬಿಟ್ಟಳು. ಗಂಡ ನೋಡಿದ. ಒಂದು ಚಿಟಿಕೆ ಹಾಕಿ ಮುಚ್ಚಳ ಮುಚ್ಚಿದಳು.

"ಅವನಿಗೋಸ್ಕರ ಇಷ್ಟು ಒಳ್ಳೇ ಮೊಟ್ಟೆ ಯಾಕೆ ಕೆಡಿಸ್ಲಿ?" ಅಂದಳು.

ಬೆಂದ ಹಿಟ್ಟಿನ ಮೇಲಿನ ಕಾಳು, ಕಾಗದ ತೆಗೆದು ಸೋಸಿದ್ದನ್ನು ಅದಕ್ಕೆ ಸುರಿದು ಮತ್ತೆ ಓವನ್ನಿಗೆ ಇಟ್ಟಳು. ಸಣ್ಣ ಉರಿಯಲ್ಲಿ ಬೆಂದು ಅಂಚು ಗಟ್ಟಿಯಾಗಿ ನಡುಭಾಗ ತುಸು ಅಲುಗುತ್ತಿರುವಾಗ ಹೊರತೆಗೆದಳು. ಎಲ್ಲೂ ಬಿರುಕಿಲ್ಲ. ಇಷ್ಟು ಚೆನ್ನಾಗಿ ಬಂತಲ್ಲ ಅಂತಲೇ ಅವಳಿಗೆ ಹೊಟ್ಟೆ ಉರಿಯಿತು.

ಸೋಮವಾರ ಮಡಿಸುವ ಮೇಜುಗಳನ್ನೆಲ್ಲ ಜೋಡಿಸಿ, ಹೋಟೆಲಿನ ಬಿಳಿ ಬಟ್ಟೆ ಹಾಸಿದ್ದರು. ಪೈ ಇಟ್ಟು ಹಿಂದೆ ಹೋಗಿ ನಿಲ್ಲುವುದು, ಆಮೇಲೆ ಕೆಲಸಕ್ಕೆ ಹೋಗುವುದು, ಇಷ್ಟೇ ಅವಳ ಲೆಕ್ಕಾಚಾರ. ಸೂಪರ್‌ವೈಸರ್ ಹೊಸ ಕೋಟು ಹಾಕಿಕೊಂಡು ಬಂದ, ತಟ್ಟೆಗಳತ್ತ ಕಣ್ಣಾಡಿಸಿ ಪೈಯನ್ನು ಗುರುತಿಸಿ ಅವಳತ್ತ ತಲೆಯಾಡಿಸಿದ. ಭಾಷಣ ಶುರುವಾಯಿತು. ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ ಅಂದ. ಅದನ್ನೂ ನುಂಗಿಕೊಂಡಳು. ತನ್ನ ಕಾಲದಲ್ಲಿ ಈ ವಿಭಾಗದಲ್ಲಿ ಒಂದೇ ಒಂದು ಅಪಘಾತವೂ ಆಗಿಲ್ಲ, ಅದೇ ತನ್ನ ಹೆಮ್ಮೆ ಅಂದ.

ದೊಡ್ಡಕ್ಕ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

"ಗುಬ್ಬಿ ಕೈ ಹೋಗಿದ್ದು ಏನು ಸಾರ್ ಹಾಗಾದ್ರೆ?"

ಆತ ನಗುವನ್ನು ಬಿಡದೆ, ಅದೆಲ್ಲ ಆಗಲೇ ತೀರ್ಮಾನವಾದ ವಿಷಯ, ಇವತ್ತು ಯಾಕಮ್ಮಾ ಅಂದ.

"ಇವತ್ತೇ ಬೇಕು. ಪಟ್ಟಿ ಮುರಿದಿದೆ ಅಂತ ಅವಳು ನಿಮಗೆ ಹೇಳ್ದಾಗ ನಾನು ಪಕ್ಕದಲ್ಲೇ ಇದ್ದೆ. ನೋಡೋಣ ಅಂದ್ರಿ. ಇನ್ನೂ ಹಾಗೇ ನೇತಾಡ್ತಿದೆ, ಬನ್ನಿ ತೋರಿಸ್ತೀನಿ. ನೀವು ನೋಡ್ಲೇ ಇಲ್ಲ ಸಾರ್. ಅವಳ ಕೈ ಸಿಕ್ಕಿಕೊಂಡ ಮೇಲೂ ನೋಡ್ಲಿಲ್ಲ."

ಗುಮಾಸ್ತ ಅವಳ ತೋಳು ಹಿಡಿಯಲು ಬಂದ. ಅವಳು ಅವನನ್ನು ಒಂದು ಸಲ ನೋಡಿದಳು, ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಪೈ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಏಪ್ರನ್ ಕೂಡ ಬಿಚ್ಚದೆ ಹೊರಗೆ ನಡೆದಳು. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕೂತಳು. ಹೇಳಬೇಕಾದ ಮಾತು ಇನ್ನೂ ಎಷ್ಟೋ ಬಾಯಲ್ಲೇ ಉಳಿದುಬಿಟ್ಟಿತ್ತು.

ಗುಬ್ಬಿ ಬಾಗಿಲು ತೆರೆದು ಒಳಗೆ ಕರೆಯದೆ ನಿಂತಳು. ಬಲಗೈಯ ಎರಡು ಬೆರಳು ಕೋಲಿನ ಹಾಗೆ ನೆಟ್ಟಗೆ ನಿಂತಿದ್ದವು.

"ಫೋನ್ ಮಾಡಿದ್ರೆ ಆಯ್ತಾ? ಬಸ್ಸು ಇರ್ಲಿಲ್ವಾ ಈ ಕಡೆಗೆ?" ಅಂದಳು.

ಗಂಡನ ಆಪರೇಷನ್ನು ಅಂತ ದೊಡ್ಡಕ್ಕ ಬಾಯಿ ತೆರೆದಳು, ತಕ್ಷಣ ಮುಚ್ಚಿದಳು. ಬರಬಹುದಿತ್ತು. ಲಾಂಡ್ರಿಯಲ್ಲಿ ಆದದ್ದನ್ನು ಹೊಸ್ತಿಲ ಮೇಲೆ ನಿಂತೇ ಹೇಳಿದಳು. ಗುಬ್ಬಿ ಒಂದೂ ಮಾತು ನಡುವೆ ಹಾಕದೆ ಕೇಳಿದ್ದು ಅವತ್ತೇ ಮೊದಲು. ಆಮೇಲೆ ಸರಿದು ದಾರಿ ಬಿಟ್ಟಳು. ಪೈ ಕತ್ತರಿಸಲು ಚಾಕು ತಂದು ಎಡಗೈಯಲ್ಲಿ ಹಿಡಿದಳು. ದೊಡ್ಡಕ್ಕ ಸಹಾಯಕ್ಕೆ ಕೈ ಚಾಚಿದಾಗ, ಬಿಡು, ನಾನೇ ಮಾಡ್ತೀನಿ ಅಂತ ಗದರಿದಳು. ತುಂಡು ಸೊಟ್ಟಗೆ ಬಂತು. ಇಬ್ಬರೂ ಸಿಡುಕಿಕೊಂಡೇ ತಿಂದರು. ಚೆನ್ನಾಗಿದೆ ಅಂತ ಗುಬ್ಬಿ ಹೇಳಲಿಲ್ಲ, ಆದರೆ ಇನ್ನೊಂದು ತುಂಡು ಹಾಕಿಕೊಂಡಳು.

ಮರುದಿನ, ಪಟ್ಟಿ ಸರಿಯಾಗುವವರೆಗೆ ರೋಲರ್ ಮುಟ್ಟುವುದಿಲ್ಲ ಅಂತ ಉಳಿದ ಹೆಂಗಸರೆಲ್ಲ ಕೈಕಟ್ಟಿ ಕೂತರು. ಮೆಕ್ಯಾನಿಕ್ ಬಂದ, ಬೋಲ್ಟು ಬದಲಾಯಿಸಿದ, ಹೋದ. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಅದನ್ನು ನೋಡುತ್ತ ನಿಂತ ದೊಡ್ಡಕ್ಕನಿಗೆ ತಡೆಯಲಾಗಲಿಲ್ಲ, ಚಾದರಗಳ ರಾಶಿಯ ಹಿಂದೆ ಹೋಗಿ ಅತ್ತಳು. ಇಷ್ಟೇ ಇಷ್ಟು ಕೆಲಸಕ್ಕೆ ಗುಬ್ಬಿಯ ಕೈ ಹೋಗಿತ್ತು.

ಸೂಪರ್‌ವೈಸರ್‌ನ ಬಡ್ತಿ ನಿಲ್ಲಲಿಲ್ಲ. ದೊಡ್ಡಕ್ಕನನ್ನು ಕೊಳೆಬಟ್ಟೆ ಬೇರ್ಪಡಿಸುವ ಕೆಳಗಿನ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಜಾಗ, ಮೂಗು ಮುಚ್ಚದೆ ನಿಲ್ಲುವಂತಿಲ್ಲ. ಕೆಲಸ ಬಿಡುತ್ತಾಳೆ ಅಂದುಕೊಂಡಿದ್ದರು, ಬಿಡಲಿಲ್ಲ. ಗುಬ್ಬಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಳು. ವಿಚಾರಣೆಯ ದಿನ ದೊಡ್ಡಕ್ಕ ರಜೆ ಹಾಕಿ ಸಾಕ್ಷಿಗೆ ಹೋದಳು. ಅಲ್ಲಿನ ಅಧಿಕಾರಿ, ಇದನ್ನೆಲ್ಲ ಲಾಂಡ್ರಿಯ ಮೇಲಿನವರ ಎದುರಿಗೇ ಇನ್ನೊಂದು ಸಲ ಹೇಳಬೇಕಾಗುತ್ತದೆ, ಯೋಚನೆ ಮಾಡಿ ಅಂದರು.

"ಎಷ್ಟು ಸಲ ಬೇಕಾದ್ರೂ ಹೇಳ್ತೀನಿ," ಅಂದಳು ದೊಡ್ಡಕ್ಕ. "ಯಾವತ್ತು ಬರ್ಬೇಕು ಅಂತ ಹೇಳಿ."