ಆಂಡ್ರೊಮಿಡಾಗೆ ಎರಡಡಿ ಅಡ್ಡ

ನಮ್ಮ ಓನರಮ್ಮನಿಗೆ ಮೊದಲ ಸಲ ಟೆಲಿಸ್ಕೋಪಿನಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ತೋರಿಸಿದಾಗ ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಅಂಗಡಿಯವನು ಮೋಸ ಮಾಡಿ ಕಳಿಸಿದ ಹುಡುಗಿಯನ್ನು ನೋಡುವ ಹಾಗೆ ಮರುಕದಿಂದ ನೋಡಿದರು.

“ಕನ್ನಡಿ ಮೇಲೆ ಉಸಿರು ಬುಟ್ಟಂಗದೆ ಕಣವ್ವ. ಇದಕ್ಕಾ ಇಷ್ಟು ದೊಡ್ಡ ಕೊಳವೆ ಒತ್ಕೊಂಡು ಬಂದಿದ್ದು?”

ಆ ಗೆಲಾಕ್ಸಿಗೆ ಇಷ್ಟು ಸರಿಯಾದ ವರ್ಣನೆಯನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಿಲ್ಲ. ಆದರೆ ಆವತ್ತು ನನಗೆ ಅವಮಾನವಾಯಿತು. ಅದು ಉಸಿರಲ್ಲ, ನಮ್ಮ ಆಕಾಶಗಂಗೆಯಂಥದೇ ದೊಡ್ಡ ಸುರುಳಿ, ಅಲ್ಲಿಂದ ಬೆಳಕು ಇಲ್ಲಿಗೆ ಬರೋದಕ್ಕೆ ಇಪ್ಪತ್ತೈದು ಲಕ್ಷ ವರ್ಷ ಬೇಕು ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸುರುಳಿ ಎಲ್ಲಿದೆ ತೋರಿಸು ಅಂದರು. ಕಣ್ಣಿಗೆ ಕಾಣಲ್ಲ, ಫೋಟೋದಲ್ಲಿ ಕಾಣುತ್ತೆ ಅಂದೆ. ಹಾಗಾದರೆ ಫೋಟೋ ತೋರಿಸು ಅಂದರು. ಬೇರೆಯವರು ತೆಗೆದ ಫೋಟೋಗಳು ಎಷ್ಟು ಬೇಕಾದರೂ ಇದ್ದವು. ನಾನೇ ತೆಗೆದದ್ದು ಒಂದೂ ಇರಲಿಲ್ಲ. ಆ ಡಿಸೆಂಬರಿನಲ್ಲಿ ಅದನ್ನು ತೆಗೆದೇ ತೀರಬೇಕೆಂದು ನಾನು ಹಟ ಹಿಡಿದದ್ದು ಹೀಗೆ.

ಹೊಸೂರು ರಸ್ತೆಯ ಮೇಲ್ಸೇತುವೆಯ ಮೇಲೆ ಗಾಡಿಗಳು ಓಡಲು ಶುರುವಾಗಿ ಆಗ ಒಂದೆರಡು ವರ್ಷವಾಗಿತ್ತು. ನಾನು ಅತ್ತಿಬೆಲೆಯ ಒಂದು ಕಾರ್ಖಾನೆಯಲ್ಲಿ ಅಳತೆ ವಿಭಾಗದಲ್ಲಿದ್ದೆ. ಬೇರೆಯವರು ಕಷ್ಟಪಟ್ಟು ಮಾಡಿದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸ್ ಕಳಿಸಿ, ದಿನಾ ಬೈಸಿಕೊಳ್ಳುವ ಕೆಲಸ. ಕಾರ್ಖಾನೆಗೆ ಹತ್ತಿರದ ಹಳ್ಳಿಯಲ್ಲಿ ಓನರಮ್ಮನ ಮನೆಯ ಮೇಲಿನ ಪೋರ್ಷನ್ನಿನಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ಅವರಿಗೆ ಅರವತ್ತು ದಾಟಿತ್ತು. ಗಂಡ ಇದ್ದಾಗ ರಾಗಿ, ಅವರೆ ಬೆಳೆದವರು. ಈಗ ಮೂರು ಮನೆ ಬಾಡಿಗೆಗೆ ಕೊಟ್ಟು, ತಾರಸಿಯಲ್ಲಿ ಮೆಣಸಿನಕಾಯಿ ಒಣಗಿಸಿಕೊಂಡು, ಬೀದಿಯಲ್ಲಿ ಯಾರು ಯಾವ ಹೊತ್ತಿಗೆ ಮನೆಗೆ ಬಂದರು ಅನ್ನುವುದನ್ನು ತಪ್ಪದೆ ಗಮನಿಸುತ್ತಿದ್ದರು.

ಫೋಟೋಗೆ ಬೇಕಾದದ್ದನ್ನೆಲ್ಲ ನಾನೇ ಹೊಂದಿಸಿಕೊಂಡೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ಕ್ಯಾಮೆರಾವನ್ನೂ ಅವುಗಳ ಜೊತೆ ಸರಿಸುತ್ತಾ ಹೋಗದಿದ್ದರೆ ಚಿತ್ರದಲ್ಲಿ ಬರೀ ಗೀಟುಗಳು ಬೀಳುತ್ತವೆ. ಇದಕ್ಕೆ ಎರಡು ಹಲಗೆಗಳನ್ನು ಬಾಗಿಲ ಕೀಲಿನಿಂದ ಜೋಡಿಸಿ, ನಡುವೆ ಒಂದು ತಿರುಪಿನ ಸರಳು ಹಾಕಿದೆ. ಸರಳನ್ನು ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ನಿಧಾನವಾಗಿ ತೆರೆದುಕೊಳ್ಳುತ್ತದೆ, ಮೇಲಿರುವ ಕ್ಯಾಮೆರಾ ಆಕಾಶದ ಜೊತೆ ತಿರುಗುತ್ತದೆ. ಷರತ್ತು ಒಂದೇ. ಆ ಕೀಲು ಧ್ರುವ ನಕ್ಷತ್ರದ ಕಡೆಗೆ ನೇರವಾಗಿ ಮುಖ ಮಾಡಿರಬೇಕು.

ಧ್ರುವ ನಕ್ಷತ್ರ ನಮ್ಮ ಕಡೆ ತೀರಾ ಕೆಳಗಿರುತ್ತದೆ. ಕೆಳಗೆ ಏನಿದ್ದರೂ ಅಡ್ಡ ಬರುತ್ತದೆ. ನಮ್ಮ ಮನೆಯ ಉತ್ತರಕ್ಕೆ, ಗೋಡೆಗೆ ಒತ್ತಿಕೊಂಡ ಹಾಗೆ, ಹೊಸ ಲೇಔಟಿನವರ ದೊಡ್ಡ ಬೋರ್ಡು ಎದ್ದಿತ್ತು. ಅದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ಒಂದು ಈಜುಕೊಳ. ಕರೆಂಟು ಹೋದ ರಾತ್ರಿ ನಾನು ತಾರಸಿಯ ಮೂಲೆಗೆ ಒತ್ತಿಕೊಂಡು ನಿಂತರೆ ಧ್ರುವ ನಕ್ಷತ್ರ ಬೋರ್ಡಿನ ಅಂಚಿನಲ್ಲಿ, ಆ ಹೆಂಗಸಿನ ಮೊಣಕೈ ಪಕ್ಕದಲ್ಲಿ ಅರೆಬರೆ ಇಣುಕುತ್ತಿತ್ತು. ಉಳಿದ ದಿನ ಕತ್ತಲಾಗುತ್ತಿದ್ದಂತೆ ನಾಲ್ಕು ದೊಡ್ಡ ದೀಪಗಳು ಹೊತ್ತಿಕೊಂಡರೆ ಅದೂ ಇಲ್ಲ. ನಾಲ್ಕರಲ್ಲಿ ಒಂದು ದೀಪವಂತೂ ಬೋರ್ಡನ್ನು ಬಿಟ್ಟು ನಮ್ಮ ತಾರಸಿಯ ಕಡೆಗೇ ತಿರುಗಿತ್ತು.

ಲೇಔಟಿನ ವಾಚ್‌ಮನ್ ಹತ್ತಿರ ಹೋಗಿ, ಸಂಜೆ ಒಂದೆರಡು ಗಂಟೆ ದೀಪ ಆರಿಸಲು ಸಾಧ್ಯವೇ ಎಂದು ಕೇಳಿದೆ. ಅವರು ಮಾಲೂರು ಕಡೆಯವರು, ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ತುಂಬಾ ಮರ್ಯಾದೆಯಿಂದ, ಮ್ಯಾನೇಜರು ಹೇಳದೆ ಸ್ವಿಚ್ಚು ಮುಟ್ಟುವ ಹಾಗಿಲ್ಲ ಎಂದರು. ಮ್ಯಾನೇಜರು ಫೋನಿನಲ್ಲಿ ಇಷ್ಟೂ ಮರ್ಯಾದೆಯಿಲ್ಲದೆ ಇದನ್ನೇ ಹೇಳಿದರು.

ನಾನು ಮುಖ ಸಪ್ಪೆ ಮಾಡಿಕೊಂಡು ಬಂದದ್ದನ್ನು ಓನರಮ್ಮ ನೋಡಿದರು. ವಿಷಯ ಕೇಳಿ, ಬೋರ್ಡಿನ ಕಂಬವನ್ನು ಬುಡದಿಂದ ತುದಿಯವರೆಗೆ ಒಂದು ಸಲ ನೋಡಿ, ಒಳಗೆ ಹೋದರು. ಹೊರಗೆ ಬಂದಾಗ ಅವರ ಕೈಯಲ್ಲಿ ನುಗ್ಗೆಕಾಯಿ ಕೀಳುವ ದೋಟಿ ಇತ್ತು, ಹೆಗಲ ಮೇಲೆ ನೀರಲ್ಲಿ ಅದ್ದಿದ ಗೋಣಿಚೀಲ.

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅಷ್ಟೇ ಅಲ್ಲ, ದೋಟಿಯ ಹಿಂದಿನ ತುದಿ ಹಿಡಿದುಕೊಂಡವಳು ನಾನೇ. ಇಬ್ಬರೂ ತಾರಸಿಯ ಗೋಡೆಗೆ ಹೊಟ್ಟೆಯೊತ್ತಿ ನಿಂತು, ದೋಟಿಯ ಕೊಕ್ಕೆಗೆ ಚೀಲ ಸಿಕ್ಕಿಸಿ, ನಮ್ಮ ಕಡೆ ತಿರುಗಿದ್ದ ದೀಪದ ಮೇಲೆ ಹೊದಿಸಿದೆವು. ಮೂರನೇ ಪ್ರಯತ್ನಕ್ಕೆ ಕೂತಿತು. ತಾರಸಿಗೆ ಕತ್ತಲೆ ಬಿತ್ತು. ನಾನು ಧ್ರುವ ನಕ್ಷತ್ರ ಹುಡುಕಲು ತಿರುಗುವಷ್ಟರಲ್ಲಿ ಚೀಲದಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಆವಿ ಏಳತೊಡಗಿತು. ಕಾದ ಗಾಜಿಗೆ ತಣ್ಣೀರು ತಾಗಿತ್ತು. ಟಪ್ ಎಂದು ಸದ್ದಾಗಿ ದೀಪ ಒಡೆಯಿತು.

ವಾಚ್‌ಮನ್ ಓಡಿ ಬಂದು ಕೆಳಗಿನಿಂದ ಟಾರ್ಚು ಬಿಟ್ಟರು. ನಾನು ನೀರಿನ ತೊಟ್ಟಿಯ ಹಿಂದೆ ಕೂತುಬಿಟ್ಟೆ. ಓನರಮ್ಮ ದೋಟಿ ಹಿಡಿದು ನೆಟ್ಟಗೆ ನಿಂತೇ ಇದ್ದರು. ಈ ಬೆಳಕಿನಿಂದ ಕೊಟ್ಟಿಗೆಯಲ್ಲಿ ಹಸು ಹದಿನೈದು ದಿನದಿಂದ ನಿದ್ದೆ ಮಾಡಿಲ್ಲ, ಹಾಲು ಬತ್ತಿಹೋಗಿದೆ, ನೀವು ಬಂದು ಕರೆದು ನೋಡಿ ಎಂದು ವಾಚ್‌ಮನ್‌ಗೇ ದಬಾಯಿಸಿದರು. ಪಾಪ, ಅವರಿಗೆ ಹಸುವಿನ ಮೇಲೆ ಕನಿಕರ ಬಂತು. ಏನು ಮೇವು ಹಾಕಬೇಕೆಂದು ಬೇರೆ ಹೇಳಿ ಹೋದರು.

ಓನರಮ್ಮ ಹಸು ಮಾರಿ ಆರು ವರ್ಷವಾಗಿತ್ತು. ಆ ಕೊಟ್ಟಿಗೆಯಲ್ಲಿ ನನ್ನ ಸ್ಕೂಟರ್ ನಿಲ್ಲುತ್ತಿತ್ತು.

ಮಾರನೇ ದಿನ ಸಂಜೆ ಮ್ಯಾನೇಜರೇ ಬಂದರು. ಬಿಳಿ ಷರ್ಟು, ಕೈಯಲ್ಲಿ ಎರಡು ಮೊಬೈಲು. ಒಡೆದ ದೀಪದ ಪಂಚಾಯಿತಿಗೆ ಬಂದವರು ಮೆಟ್ಟಿಲು ಹತ್ತುವಾಗಲೇ ಜೋರು ದನಿ ತೆಗೆದಿದ್ದರು. ತಾರಸಿಗೆ ಬಂದು ನಿಂತವರು ಸುಮ್ಮನಾದರು. ನಾನು ಆಗ ಮೂರು ಕಾಲಿನ ಸ್ಟ್ಯಾಂಡನ್ನು ಮೂಲೆಯಲ್ಲಿಟ್ಟು, ರಸಮಟ್ಟ ಇಟ್ಟು ಸಮನಾಗಿದೆಯೇ ನೋಡಿ, ದಿಕ್ಸೂಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಲಗೆಯ ಕೀಲಿನ ನೇರಕ್ಕೆ ಅವರ ಬೋರ್ಡಿನ ಅಂಚನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ಪುಸ್ತಕ, ಪೆನ್ನು, ಟೇಪು.

ಮೆಣಸಿನಕಾಯಿ ಎತ್ತಿಡುತ್ತಿದ್ದ ಓನರಮ್ಮ, ಅವರು ಕೇಳುವ ಮೊದಲೇ ಹೇಳಿದರು, “ಅಳತೆ ಮಾಡ್ತಾವ್ರೆ.”

ಮ್ಯಾನೇಜರು ಒಂದು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. “ಯಾವ ಡಿಪಾರ್ಟ್‌ಮೆಂಟು ಮೇಡಂ ತಮ್ದು?”

“ಅಳತೆ ವಿಭಾಗ,” ಅಂದೆ.

“ಇಲ್ಲಿ ಏನು ನೋಡ್ತಿದೀರಿ?”

“ಉತ್ತರ ದಿಕ್ಕು. ಅದು ಕರೆಕ್ಟಾಗಿ ಸಿಗದೆ ಮುಂದಿನ ಕೆಲ್ಸ ಆಗಲ್ಲ. ನಿಮ್ಮ ಬೋರ್ಡು ಅಡ್ಡ ಬಂದಿದೆ.”

“ಎಷ್ಟು ಬಂದಿದೆ?”

“ಎರಡಡಿ ಆಚೆ ಇದ್ದಿದ್ರೆ ಸಾಕಿತ್ತು.”

“ನಾನು ಏಳ್ತಾನೇ ಇದ್ದೆ,” ಅಂದರು ಓನರಮ್ಮ, ಯಾರನ್ನೂ ನೋಡದೆ.

ನಾನು ಹೇಳಿದ ಒಂದೊಂದು ಮಾತೂ ನಿಜ. ಆದರೆ ಎರಡನೇ ಪ್ರಶ್ನೆಯ ಹೊತ್ತಿಗೇ ಇವರು ನನ್ನನ್ನು ಸರ್ವೆಯವಳೆಂದು ತಿಳಿದಿದ್ದಾರೆ ಎಂಬುದು ನನಗೆ ಅರ್ಥವಾಗಿತ್ತು. ಅಲ್ಲ ಅನ್ನಲು ಬೇಕಾದಷ್ಟು ಸಮಯವಿತ್ತು. ನಾನು ಪುಸ್ತಕ ತೆಗೆದು ಏನೋ ಬರೆದುಕೊಂಡೆ. ಅವರು ಒಡೆದ ದೀಪದ ಮಾತನ್ನೇ ಎತ್ತಲಿಲ್ಲ. ನನಗೆ ಬೆಳಕಿನಿಂದ ತೊಂದರೆಯಾಗುತ್ತಿದೆಯೇ ಎಂದು ಅವರಾಗಿಯೇ ವಿಚಾರಿಸಿ, ಎಷ್ಟು ದಿನ ಆರಿಸಬೇಕು ಎಂದು ಕೇಳಿದರು. ಹತ್ತು ದಿನ, ಮೋಡ ಬಂದರೆ ಇನ್ನೂ ಹೆಚ್ಚು ಅಂದೆ. ಸರ್ವೆಗೂ ಮೋಡಕ್ಕೂ ಏನು ಸಂಬಂಧ ಎಂದು ಅವರು ಕೇಳಲಿಲ್ಲ.

ಹತ್ತು ಸಂಜೆ ನಮ್ಮ ತಾರಸಿಯ ಮೇಲೆ ಕತ್ತಲೆ ಇತ್ತು. ಏಳು ಗಂಟೆಗೆ ಆಂಡ್ರೊಮಿಡಾ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ, ಎತ್ತರದಲ್ಲೇ ಇರುತ್ತಿತ್ತು. ನಾನು ತಿರುಪು ತಿರುಗಿಸುವುದು, ಓನರಮ್ಮ ಗೋಡೆ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಹದಿನೈದು ಸೆಕೆಂಡಿಗೊಮ್ಮೆ “ಊಂ” ಅನ್ನುವುದು. ಅವರ ಊಂಗೆ ಕಾಲು ಸುತ್ತು. ಒಂದು ಚಿತ್ರಕ್ಕೆ ಎರಡು ಊಂ. ನಡುವೆ ಅವರು ಬೀದಿಯ ಸುದ್ದಿ ಹೇಳುತ್ತಿದ್ದರು. ಸುದ್ದಿಯಲ್ಲಿ ಯಾರಾದರೂ ಓಡಿಹೋದರೆ ಊಂ ತಡವಾಗುತ್ತಿತ್ತು, ಆ ಚಿತ್ರದಲ್ಲಿ ನಕ್ಷತ್ರಗಳೂ ಸ್ವಲ್ಪ ಓಡಿರುತ್ತಿದ್ದವು. ಮೊದಲ ಮೂರು ದಿನದ್ದು ಅರ್ಧಕ್ಕರ್ಧ ಹಾಳು. ಎಲೆ ಅಡಿಕೆ ತರಲು ಅವರು ಎದ್ದು ಧಪಧಪ ನಡೆದರೆ ತಾರಸಿಯೇ ನಡುಗುತ್ತಿತ್ತು. ನಾಲ್ಕನೇ ದಿನದಿಂದ ಡಬ್ಬಿಯನ್ನು ಮೊದಲೇ ತಂದಿಟ್ಟುಕೊಂಡರು.

ಚೆನ್ನಾಗಿದ್ದ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದ ರಾತ್ರಿ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಮೊದಲು ಬೂದು ಬಣ್ಣದ ಗಲೀಜು. ಆಮೇಲೆ ಹೊಳೆಯುವ ನಡುಭಾಗ, ಅದರ ಸುತ್ತ ಓರೆಯಾಗಿ ಮಲಗಿದ ತಟ್ಟೆ, ತಟ್ಟೆಯ ಒಂದು ಮಗ್ಗುಲಲ್ಲಿ ಕಪ್ಪು ಗೆರೆ, ಪಕ್ಕದಲ್ಲಿ ಎರಡು ಪುಟ್ಟ ಗೆಲಾಕ್ಸಿಗಳು. ಓನರಮ್ಮನನ್ನು ಎಬ್ಬಿಸಿ ಕರೆದುಕೊಂಡು ಬಂದೆ. ಅವರು ಕಪ್ಪು ಗೆರೆಯ ಮೇಲೆ ಬೆರಳಾಡಿಸಿ, ಸುರುಳಿ ಇದೇ ಅಲ್ಲವಾ ಎಂದು ಕೇಳಿದರು. ಹೌದು ಅಂದೆ. ಅದರ ಪ್ರಿಂಟು ಹಾಕಿಸಿ ಕೊಟ್ಟಾಗ ತಮ್ಮ ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡರು.

ಅದಾಗಿ ಮೂರನೇ ದಿನ ಕೆಲಸದಿಂದ ಬಂದಾಗ ಬೋರ್ಡಿನ ಬುಡದಲ್ಲಿ ಕ್ರೇನ್ ನಿಂತಿತ್ತು. ಕಂಬ ಕಿತ್ತು, ಎರಡಲ್ಲ, ಮೂರಡಿ ಆಚೆ ನೆಡುತ್ತಿದ್ದರು. ಈಚೆಗೆ ಖಾಲಿಯಾದ ಜಾಗದಲ್ಲಿ ಓನರಮ್ಮ ಸೆರಗು ಸಿಕ್ಕಿಸಿಕೊಂಡು ಅವರೆಬೀಜ ಊರುತ್ತಿದ್ದರು.

ನನಗೆ ಆಗ ವಿಷಯ ತಿಳಿಯಿತು. ಗೋಡೆಯಾಚೆಗಿನ ಆ ಮೂರಡಿ ಪಟ್ಟಿ ಅವರದೇ. ಹಿಂದಿನ ಹೊಲವನ್ನು ಅವರ ಮೈದುನ ಲೇಔಟಿನವರಿಗೆ ಮಾರಿದ ಮೇಲೆ ಕಂಬ ಇವರ ಜಾಗಕ್ಕೆ ಬಂದು ಕೂತಿತ್ತು. ಓನರಮ್ಮ ಲೇಔಟಿನ ಆಫೀಸಿಗೆ ನಾಲ್ಕು ಸಲ ಹೋಗಿ ಕೇಳಿದ್ದರು, ನಾಲ್ಕು ಸಲವೂ ಅಲ್ಲಿನವರು ಟೀ ಕೊಟ್ಟು ಕಳಿಸಿದ್ದರು. ಅಲ್ಲಿಯವರೆಗೆ ನಾನು, ಓನರಮ್ಮನನ್ನು ನನ್ನ ಫೋಟೋಗೆ ಬಳಸಿಕೊಂಡೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

“ಅಮ್ಮ, ನಾನು ಸರ್ವೆಯವಳು ಅಂತ ಅವರು ಅಂದ್ಕೊಂಡ್ರು,” ಅಂದೆ.

“ನಾನು ಅಂಗಂದ್ನಾ? ಅಳತೆ ಮಾಡ್ತಾವ್ರೆ ಅಂದೆ. ನೀನು ಮಾಡ್ತಿರ್ಲಿಲ್ವಾ?” ಅವರು ಬೀಜದ ಮೇಲೆ ಮಣ್ಣೆಳೆದರು.

ಎರಡು ದಿನ ನನಗೆ ಊಟ ಸೇರಲಿಲ್ಲ. ಸರ್ಕಾರದವಳೆಂದು ಸೋಗು ಹಾಕಿದ್ದಕ್ಕೆ ಪೊಲೀಸರು ಕಾರ್ಖಾನೆಗೆ ಬರುವುದನ್ನು ಕಲ್ಪಿಸಿಕೊಂಡು ಬೆವರಿದೆ. ಕೊನೆಗೆ ಒಂದು ಪ್ರಿಂಟು ಹಿಡಿದುಕೊಂಡು ಲೇಔಟಿನ ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಅಳತೆ ವಿಭಾಗ ಯಾವುದು, ಉತ್ತರ ದಿಕ್ಕು ಯಾಕೆ, ದೀಪ ಹೇಗೆ ಒಡೆಯಿತು, ಹಸುವಿನ ವಿಷಯ, ಎಲ್ಲವೂ. ಮ್ಯಾನೇಜರು ಕುರ್ಚಿಗೆ ಒರಗಿ ಕೇಳಿದರು. ಹಸುವಿನ ಭಾಗ ಬಂದಾಗ ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಮುಖ ತಿರುಗಿಸಿಕೊಂಡರು.

“ಜಾಗ ಅಜ್ಜೀದೇ ಅಂತ ನಮಗೆ ಮೊದಲಿಂದ್ಲೂ ಗೊತ್ತಿತ್ತು ಮೇಡಂ,” ಅಂದರು ಮ್ಯಾನೇಜರು. “ನಿಜವಾದ ಸರ್ವೆಯವರು ಬಂದಿದ್ರೆ ಇನ್ನೂ ಏನೇನು ಸಿಗ್ತಿತ್ತೋ. ಬಿಡಿ.”

ಆಮೇಲೆ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. ಇದನ್ನು ನಿಜವಾಗಿ ಆ ಮಾಳಿಗೆಯ ಮೇಲಿಂದ ತೆಗೆದದ್ದೇ ಎಂದು ಎರಡು ಸಲ ಕೇಳಿದರು. ಲೇಔಟಿನ ಎರಡನೇ ಹಂತಕ್ಕೆ ಹೊಸ ಬೋರ್ಡು ಬೇಕಿತ್ತು, ಈಜುಕೊಳ ನೋಡಿ ಜನಕ್ಕೆ ಸಾಕಾಗಿದೆ, ಈ ಚಿತ್ರ ಕೊಡುತ್ತೀರಾ ಎಂದರು. ಒಂದು ದೀಪ ಒಡೆದವಳು ಇಲ್ಲ ಅನ್ನುವುದು ಹೇಗೆ? ಕೊಟ್ಟೆ.

ಸಂಕ್ರಾಂತಿ ಕಳೆದು ಬೋರ್ಡು ಬದಲಾಯಿತು. ಗಂಡಸು, ಹೆಂಗಸು ಇಬ್ಬರೂ ಈಜುಕೊಳ ಬಿಟ್ಟು ಗೆಲಾಕ್ಸಿ ನೋಡುತ್ತಾ ನಿಂತಿದ್ದರು. ಅಷ್ಟು ದೊಡ್ಡದಾಗಿ ನನ್ನ ಆಂಡ್ರೊಮಿಡಾ. ಅದು ಚೆನ್ನಾಗಿ ಕಾಣಲೆಂದು ನಾಲ್ಕಿದ್ದ ದೀಪ ಆರು ಮಾಡಿದ್ದರು. ನಿಜವಾದದ್ದು ಮತ್ತೆ ಆ ತಾರಸಿಯಿಂದ ಕಾಣಲಿಲ್ಲ. ಹಲಗೆ, ಸ್ಟ್ಯಾಂಡು ಎಲ್ಲ ಸ್ಕೂಟರಿಗೆ ಕಟ್ಟಿಕೊಂಡು ಭಾನುವಾರ ಸಂಜೆ ತಮಿಳುನಾಡಿನ ಗಡಿ ದಾಟಿ ತಳಿ ರಸ್ತೆಯ ಕಡೆ ಹೋಗುವ ಅಭ್ಯಾಸ ನನಗೆ ಶುರುವಾದದ್ದು ಆಗಲೇ.

ಬೋರ್ಡಿನಲ್ಲಿ ತಪ್ಪಿದೆ ಎಂದು ಮೊದಲು ಕಂಡುಹಿಡಿದವರು ಓನರಮ್ಮ. ದಿನಾ ಅಡುಗೆಮನೆಯಲ್ಲಿ ನೋಡುತ್ತಿದ್ದವರಿಗೆ ತಕ್ಷಣ ಗೊತ್ತಾಯಿತು. ಹೆಂಗಸಿನ ಮುಖಕ್ಕೆ ಜಾಗ ಮಾಡಲು ಚಿತ್ರವನ್ನು ಎಡಬಲ ತಿರುಗಿಸಿಬಿಟ್ಟಿದ್ದರು. ಯಾರಿಗೆ ಗೊತ್ತಾಗುತ್ತೆ ಬಿಡಿ ಅಮ್ಮ ಅಂದೆ. ಅವರು ಅಡುಗೆಮನೆಯ ಪ್ರಿಂಟನ್ನು ಕಿತ್ತುಕೊಂಡು ಲೇಔಟಿನ ಆಫೀಸಿಗೆ ನಡೆದರು. ಅಲ್ಲಿ ಏನು ಮಾತಾಯಿತೋ ತಿಳಿಯದು. ಟೀ ಕೊಟ್ಟರಂತೆ, ಇವರು ಕುಡಿಯಲಿಲ್ಲವಂತೆ.

ಹದಿನೈದು ದಿನಕ್ಕೆ ಬೋರ್ಡು ಮತ್ತೆ ಬದಲಾಯಿತು. ನಾನು ಆ ಮನೆ ಬಿಡುವವರೆಗೂ ಗೆಲಾಕ್ಸಿ ಸರಿಯಾದ ಮಗ್ಗುಲಲ್ಲೇ ಇತ್ತು.