ನೀರಿನ ಕಡೆ ತಿರುಗುವ ಗುಂಡು

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟಿದ್ದ ಮಾರೇಶನ ಬಲತೋಳು ಚಿಕ್ಕಂದಿನ ಪೋಲಿಯೊದಿಂದ ಸೊರಗಿ ಹೋಗಿತ್ತು. ಬೆರಳುಗಳು ಮಾತ್ರ ಚುರುಕು. ಮೌಸ್ ಎಳೆದಾಡಲು ತೋಳು ಬೇಕು. ಹಾಗಾಗಿ ಕಂಪ್ಯೂಟರಿನ ಬಂದೂಕಿನ ಆಟಗಳಲ್ಲಿ ಅವನು ಗೆಳೆಯರ ಕೈಲಿ ಸಾಯುತ್ತಲೇ ಇದ್ದ. ೨೦೦೨ರ ಬೇಸಿಗೆಯಲ್ಲಿ ಕಂಪ್ಯೂಟರ್ ರಿಪೇರಿಯ ಗುರುಸಂಗಪ್ಪ ಹೊಸಪೇಟೆಯಿಂದ ಹಳೆಯ ಟ್ರ್ಯಾಕ್‌ಬಾಲ್ ಒಂದನ್ನು ತಂದುಕೊಟ್ಟ. ಅದರ ಪೆಟ್ಟಿಗೆ ಇಟ್ಟಲ್ಲೇ ಇರುತ್ತದೆ. ಮೇಲಿನ ಗುಂಡನ್ನು ಬೆರಳಲ್ಲಿ ಉರುಳಿಸಿದರೆ ಸಾಕು, ಪರದೆಯಲ್ಲಿ ಗುರಿ ಓಡುತ್ತದೆ.

ಮಾರೇಶ ಅದನ್ನು ತನ್ನ ಕೈಗೆ ಒಗ್ಗಿಸಿಕೊಂಡ. ಬಡಗಿಯಿಂದ ಬೇವಿನ ಇಳಿಜಾರು ಮಣೆ ಮಾಡಿಸಿ ಮಣಿಕಟ್ಟಿಗೆ ಆಸರೆ ಕೊಟ್ಟ. ಬಂದೂಕು ಹಾರಿಸುವ ಬಟನ್ನನ್ನು ಹೆಬ್ಬೆರಳಿನ ಕಡೆಗೆ ಬದಲಿಸಿದ. ಪ್ಲಾಸ್ಟಿಕ್ ಗುಂಡು ಮಾತ್ರ ಗೀರು ಬಿದ್ದು ಮುಗ್ಗರಿಸುತ್ತಿತ್ತು.

ಆ ಬೇಸಿಗೆ ತುಂಗಭದ್ರೆಯ ಹಿನ್ನೀರು ತುಂಬ ಇಳಿದು, ಹಂಪಸಾಗರದ ಬಳಿ ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ಹಳೇ ಊರಿನ ಪಾಯಗಳು ಮೇಲೆದ್ದಿದ್ದವು. ನೋಡಲು ಹೋದ ಮಾರೇಶನಿಗೆ ಒಂದು ಹೊಸ್ತಿಲಿನ ಪಕ್ಕ, ಒಣಗಿದ ಕೆಸರಿನಲ್ಲಿ, ನುಣ್ಣನೆಯ ಕರಿಕಲ್ಲಿನ ಗುಂಡು ಸಿಕ್ಕಿತು. ಪೆಟ್ಟಿಗೆಗೆ ಹೇಳಿ ಮಾಡಿಸಿದ ಅಳತೆ. ತುಸು ತಾಕಿದರೂ ಹದವಾಗಿ ಉರುಳುತ್ತಿತ್ತು. ಅವತ್ತೇ ಗುರುಸಂಗಪ್ಪನನ್ನು ಸೋಲಿಸಿದ.

ಆಮೇಲೆ ಅದು ಶುರುವಾಯಿತು. ಬೆರಳು ಎತ್ತಿದರೂ ಗುಂಡು ಮೆಲ್ಲಗೆ ತಿರುಗುತ್ತಿತ್ತು. ಯಾವ ಆಟ ಹಾಕಿದರೂ ನೋಟ ಹೊರಳಿ ನೀರಿನ ಕಡೆಗೇ ನಿಲ್ಲುತ್ತಿತ್ತು. ಕೋಟೆಯ ಆಟವಾದರೆ ಕಂದಕ, ಕಾಡಿನ ಆಟವಾದರೆ ಕೆರೆ.

"ಮೇಜು ವಾಲೇತಿ ನೋಡಲೇ," ಎಂದ ಗುರುಸಂಗಪ್ಪ. ಗುಂಡಿನಡಿಯ ರೋಲರ್ ಒರೆಸಿದ, ಮೇಜಿನ ಕಾಲಿಗೆ ರಟ್ಟು ಕೊಟ್ಟ, ಪೆಟ್ಟಿಗೆಯನ್ನೇ ಹಿಂದುಮುಂದು ಮಾಡಿಟ್ಟ. ಮತ್ತೆ ನೀರೇ ಬಂತು. ಅವನು ಗುಂಡು ಮುಟ್ಟಿ, ಒದ್ದೆಯಾದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇದು ಒದ್ದಿ ಯಾಕ ಐತಿ ಮಾರೇಶ?"

ಮರುದಿನ ಮಧ್ಯಾಹ್ನ ಅಜ್ಜಿ ಅಂಜಿನಕ್ಕ ಬುತ್ತಿ ತಂದಳು. ಅವಳಿಗೆ ಕಣ್ಣು ಮಂಜು. ಬುತ್ತಿ ಇಡಲು ಮೇಜು ತಡವುವಾಗ ಗುಂಡಿಗೆ ಕೈ ತಾಗಿತು. ತಾಗಿದ ಕೈ ಅಲ್ಲೇ ನಿಂತಿತು.

"ಇದು ನಮ್ಮ ಪಕ್ಕೀರಂದು," ಎಂದಳು.

ಪಕ್ಕೀರಪ್ಪ ಅವಳ ತಮ್ಮ. ಹಳೇ ಊರಿಗೆ ನೀರು ಏರುವಾಗ ಮನೆಮಂದಿ ಬಂಡಿ ಹೂಡಿ ಹೊರಟಿದ್ದರು. ಆಡುವ ಗುಂಡು ಮನೆಯಲ್ಲೇ ಉಳಿಯಿತೆಂದು ಹುಡುಗ ಬಂಡಿಯಿಂದ ಜಿಗಿದು ಓಡಿದ್ದ. ಹೆಣವೂ ಸಿಗಲಿಲ್ಲ.

"ವಾಪಸ್ ನೀರಿಗೆ ಹಾಕಿ ಬರ್ತೀನಿ ಅಜ್ಜಿ," ಎಂದ ಮಾರೇಶ.

"ಬ್ಯಾಡ. ಅದು ಎಲ್ಲಿಗಿ ಹೊಂಟೈತೋ ಹೋಗ್ಲಿ ಬಿಡು."

ಮಾರೇಶ ಕೆರೆಯಿದ್ದ ಆಟ ಹಾಕಿ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡ. ಗುಂಡು ತಾನೇ ತಿರುಗಿತು. ನೀರು ಎದುರಾಯಿತು. ಎಡಗೈಯಿಂದ ಮುಂದೆ ನಡೆಯುವ ಕೀಲಿ ಒತ್ತಿ ಹಿಡಿದ. ಪರದೆ ಹಸಿರಾಯಿತು, ಕಪ್ಪಾಯಿತು. ಆ ಆಟದಲ್ಲಿ ಅವನು ಹಿಂದೆಂದೂ ಕಾಣದ ಕಲ್ಲಿನ ಬಾಗಿಲೊಂದು ತಳದಲ್ಲಿ ಮಸುಕಾಗಿ ಮೂಡಿತು. ಗುಂಡು ಗಕ್ಕನೆ ನಿಂತಿತು.

"ಬಾಗ್ಲ ಬಂತೇನು?" ಪರದೆ ಕಾಣದ ಅಜ್ಜಿ ಕೇಳಿದಳು.

"ಬಂತಜ್ಜಿ."

"ಲೇ ಪಕ್ಕೀರ, ಬಂಡಿ ನಿಲ್ಸೀವಿ. ಬಾ ಹೊರಗ."

ಗುಂಡು ಅವಳ ಕಡೆಗೆ ಒಂದು ಸುತ್ತು ಉರುಳಿತು. ಆಟ ಮುಗಿಯಿತು. ಮಾರೇಶ ಮುಟ್ಟಿ ನೋಡಿದ. ಕಲ್ಲು ಒಣಗಿತ್ತು, ಬೆಚ್ಚಗಿತ್ತು.

ಅಜ್ಜಿ ಅದನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಮಾರೇಶ ಹಳೆಯ ಪ್ಲಾಸ್ಟಿಕ್ ಗುಂಡನ್ನೇ ತಿಕ್ಕಿ ನುಣುಪು ಮಾಡಿ ಹಾಕಿಕೊಂಡ, ಆಟ ಬಿಡಲಿಲ್ಲ. ಮನೆಯಲ್ಲಿ ಮಾತ್ರ ಅಂದಿನಿಂದ ಉಣ್ಣಲು ಕೂತಾಗ ಅಜ್ಜಿ ಪಕ್ಕದಲ್ಲಿ ಇನ್ನೊಂದು ಗಂಗಾಳ ಇಟ್ಟು ನೀಡುತ್ತಿದ್ದಳು. ಎದ್ದು ನೋಡಿದರೆ ಕೆಲವು ಸಲ ಅದು ಖಾಲಿಯಾಗಿರುತ್ತಿತ್ತು. ಮಾರೇಶ ಅದನ್ನೂ ತೊಳೆದು ಬೋರಲು ಹಾಕುತ್ತಿದ್ದ.