ಅಯಸ್ಕಾಂತದ ಮೇಡಂ

ಶೀಲಾ ಮೇಡಂ ಜಡೆಗೆ ಒಂದು ಪಿನ್ನನ್ನೂ ಸಿಕ್ಕಿಸುತ್ತಿರಲಿಲ್ಲ, ಬಿಳಿ ನೂಲು ಕಟ್ಟುತ್ತಿದ್ದರು. ಕೈಗೆ ಗಡಿಯಾರವಿಲ್ಲ, ಬಳೆಯಿಲ್ಲ. ಕಾಲೇಜಿನ ಲ್ಯಾಬಿನಲ್ಲಿ, ಆಳೆತ್ತರದ ಅಯಸ್ಕಾಂತದ ಪಕ್ಕದಲ್ಲೇ ಅವರ ಸಂಸಾರ. ಅವರ ಕೈಕೆಳಗೆ ಓದಲು ಸೇರಿದ ತಿಂಗಳಿಗೇ ನನ್ನ ಮೊಮ್ಮಗಳು ಕಾವೇರಿಯೂ ಬಿಳಿ ನೂಲು ಕಟ್ಟಿಕೊಂಡು ಹಲಸೂರಿನ ಮನೆಗೆ ಬಂದಳು. ತಾಯಿಯಿಲ್ಲದ ಆ ಮಗುವಿಗೆ ಎಣ್ಣೆ ಹಚ್ಚಿ ಜಡೆ ಹೆಣೆದವಳು ನಾನು. ಎದೆಗೆ ಬೆಂಕಿ ಬಿದ್ದಂತಾಯಿತು.

ಆಮೇಲೆ ಊಟಕ್ಕೆ ಕುಳಿತರೂ ಮೇಡಂ ಹೀಗೆಂದರು, ಮೇಡಂ ಹಾಗೆಂದರು. ನಾನು ಮಾಡಿದ ಹುಳಿ ತಿನ್ನುತ್ತಲೇ ಫ್ರೇಜರ್ ಟೌನಿನ ಅವರ ಮನೆಯ ರಸಂ ಹೊಗಳುತ್ತಿದ್ದಳು. ಈ ಹೆಂಗಸನ್ನು ಒಮ್ಮೆ ನೋಡಿಯೇ ಬಿಡೋಣವೆಂದು ಬುತ್ತಿ ಕಟ್ಟಿಕೊಂಡು ಲ್ಯಾಬಿಗೇ ಹೋದೆ.

ಮೇಡಂ ಬಾಗಿಲಲ್ಲೇ ತಡೆದರು. ನನ್ನ ತಾಳಿ ಸರದತ್ತ ಕೈ ತೋರಿಸಿದಾಗ, ಪ್ರಾಣ ಹೋದರೂ ತೆಗೆಯುವುದಿಲ್ಲ ಎಂದೆ. ಮೇಡಂ ನಗಲಿಲ್ಲ.

“ಚಿನ್ನ ಇರ್ಲಿಮ್ಮ, ಅದಕ್ಕೇನೂ ಆಗಲ್ಲ. ಅದಕ್ಕೆ ನೇತಾಕಿದೀರಲ್ಲ, ಆ ಪಿನ್ನುಗಳು ಹಾರೋಗ್ತವೆ” ಎಂದು ಒಂದೊಂದನ್ನೇ ಬಿಚ್ಚಿ ತಟ್ಟೆಗೆ ಹಾಕಿದರು. ಎಷ್ಟು ಮೃದು ಬೆರಳು! ಅದಕ್ಕೂ ಹೊಟ್ಟೆ ಉರಿಯಿತು.

ಒಳಗೇನು ಮಾಡುತ್ತೀರೆಂದು ಕೇಳಿದೆ. ತಾಮ್ರ ಬೆರೆತ ಕರಿ ಪುಡಿಯೊಂದನ್ನು ತೀರಾ ತಣ್ಣಗೆ ಮಾಡಿದರೆ ಕರೆಂಟು ಅಡ್ಡಿಯೇ ಇಲ್ಲದೆ ಹರಿಯುತ್ತದಂತೆ. ಅದು ಏಕೆಂದು ತಿಳಿಯುವುದೇ ಇವರ ಕೆಲಸ.

“ಬೀದೀಲಿ ನಿಂತ್ಕೊಂಡ್ರೆ ಮನೆ ವಿಷಯ ಗೊತ್ತಾಗುತ್ತಾಮ್ಮ? ಒಳಗಿರೋರನ್ನೇ ಕೇಳ್ಬೇಕು. ತಾಮ್ರದ ಪರಮಾಣುವಿನ ನಡುಭಾಗನ ರೇಡಿಯೋ ಅಲೆಯಿಂದ ಮೆಲ್ಲಗೆ ತಟ್ತೀವಿ. ಅದು ಎಷ್ಟು ಬೇಗ ಸಮಾಧಾನ ಆಗುತ್ತೆ ಅಂತ ನೋಡಿದ್ರೆ ಸುತ್ತಲಿನ ಎಲೆಕ್ಟ್ರಾನ್‌ಗಳ ಗುಟ್ಟು ಸಿಗುತ್ತೆ. ಅವು ಜೋಡಿ ಕಟ್ಕೊಂಡ್ಬಿಟ್ರೆ ಇದನ್ನ ಸಮಾಧಾನ ಮಾಡೋಕೆ ಯಾರೂ ಬರಲ್ಲ. ತುಂಬಾ ಹೊತ್ತು ಹಾಗೇ ಇರುತ್ತೆ, ಪಾಪ.”

ನನ್ನ ಗತಿಯೂ ಅದೇ ಎಂದುಕೊಂಡೆ. ಅವರಿಬ್ಬರೂ ಜೋಡಿ ಕಟ್ಟಿಕೊಂಡಿದ್ದರು. ತಟ್ಟಿಸಿಕೊಂಡು ಕೂತವಳು ನಾನು.

ಕಾವೇರಿಗೆ ಡಾಕ್ಟರೇಟ್ ಬಂದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮೂರನೇ ಕ್ಲಾಸು ದಾಟದವಳ ಮೊಮ್ಮಗಳು ಡಾಕ್ಟರು! ಬೀದಿಗೆಲ್ಲ ಹಂಚಲು ಮೈಸೂರು ಪಾಕು ತರಿಸಿದೆ. ಮೊದಲ ತುಂಡನ್ನು ಅವಳು ಮೇಡಂ ಬಾಯಿಗೆ ಇಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆಂದೇ ಎಲ್ಲರೂ ತಿಳಿದರು. ಅರ್ಧ ನಿಜವೂ ಹೌದು.

ಮರುವರ್ಷ ಮೇಡಂ ಕಾಯಿಲೆ ಬಿದ್ದು ತೀರಿಕೊಂಡರು. ಮಣ್ಣು ಮಾಡಿ ಬಂದ ಕಾವೇರಿ ಗೋಡೆಗೆ ಮುಖ ಮಾಡಿ ಮಲಗಿದಳು, ಅನ್ನ ಮುಟ್ಟಲಿಲ್ಲ. ತಟ್ಟೆ ಹಿಡಿದು ಕೂತವಳು ತಡೆಯಲಾರದೆ ಕೇಳಿಯೇಬಿಟ್ಟೆ.

“ನಾನು ಹೋದ್ರೂ ಇಷ್ಟು ಅಳ್ತೀಯೇನೇ?”

“ನೀನು ಹೋದ್ರೆ ಹಿಂಗೆ ತಟ್ಟೆ ಹಿಡ್ಕೊಂಡು ಕೂರೋರು ಯಾರಜ್ಜಿ?” ಎಂದು ಅಳುತ್ತಲೇ ಎದ್ದು ಬಾಯಿ ತೆರೆದಳು.

ತುತ್ತು ಇಟ್ಟೆ. ಮೇಡಂ ಇದನ್ನು ನೋಡಬೇಕಿತ್ತು.